ರೈಲಿನ ಟೇಬಲ್‌ಗೆ ಸಿಲ್ವರ್ ಮರ ಆಗುತ್ತಾ?

ಪ್ರಶ್ನೆ: ನಮಸ್ಕಾರ ಸಾರ್. ಮಹಡಿ ಮೇಲೆ 12ಕ್ಕೆ 10 ಅಡಿ ರೂಮ್ ಖಾಲಿ ಇದೆ, ಅದ್ರಲ್ಲಿ ಹೆಚ್‌ಒ ಸ್ಕೇಲ್ ಮಾಡೆಲ್ ರೈಲು ಲೇಔಟ್ ಮಾಡ್ಬೇಕು, ಅದೂ ನಮ್ ಸಕಲೇಶಪುರ ಘಾಟಿದೇ, ಸುರಂಗ ಸೇತುವೆ ಎಲ್ಲ ಇರ್ಬೇಕು ಅಂತ ಆಸೆ. 8ಕ್ಕೆ 4 ಪ್ಲೈವುಡ್ ಒಂದು ತಂದು ಮೂಲೆಗೆ ಟೇಬಲ್ ತರ ಹೊಡ್ಸಿಬಿಟ್ರೆ ಸಾಕಾ? ಆಚಾರ್ರು ಮೂಡಿಗೆರೆ ಕಡೆ ತೋಟದಿಂದ ಸಿಲ್ವರ್ (ಸಿಲ್ವರ್ ಓಕ್) ಮರ ಕಡಿಮೆಗೆ ತರ್ತೀನಿ, ಕಾಲು ಫ್ರೇಮು ಎಲ್ಲ ಅದ್ರಲ್ಲೇ ಮುಗ್ಸೋಣ ಅಂತಾವ್ರೆ.
– ಓದುಗರೊಬ್ಬರು, ಹಾಸನ

ಉತ್ತರ: ಪ್ಲೈವುಡ್ ಅಂಗಡಿಗೆ ಹೋಗೋಕ್ ಮುಂಚೆ ಮನೇಲಿರೋ ಊಟದ ಟೇಬಲ್ ಗೋಡೆಗೆ ಒತ್ತರಿಸಿ, ಆ ಗೋಡೆ ಪಕ್ಕ ಒಂದು ಬೋಗಿ ಇಟ್ಟು, ಮುಂದಿರೋ ಲೋಟ ಬಾಟ್ಲಿ ಯಾವುದನ್ನೂ ಬೀಳಿಸ್ದೆ ಅದನ್ನ ಎತ್ತಿ ನೋಡಿ. ಎರಡೂವರೆ ಅಡಿ ದಾಟಿದ್ರೆ ಹೆಚ್ಚಿನವ್ರ ಕೈ ಎಟುಕಲ್ಲ. ನಾಲ್ಕಡಿ ಅಗಲದ ಟೇಬಲ್ ಮೂಲೆಗೆ ಸೇರಿಸಿದ್ರೆ ಹಳಿ ತಪ್ಪಿದ ಬೋಗಿ ಎತ್ತೋಕೆ ಪ್ರತಿ ಸಲ ಬೆಟ್ಟದ ಮೇಲೆ ಹೊಟ್ಟೆ ಹಾಕಿ ಮಲಗ್ಬೇಕಾಗುತ್ತೆ, ಮರಗಿಡ ಎಲ್ಲ ಚಪ್ಪಟೆ.

ತಿರುವಿನ ಕತೆನೂ ಅಷ್ಟೇ. ನಾಲ್ಕಡಿ ಒಳಗೆ 22 ಇಂಚು ರೇಡಿಯಸ್‌ಗಿಂತ ಜಾಸ್ತಿ ಕೂರಿಸೋಕೆ ಆಗಲ್ಲ. ನಮ್ಮ ಐಸಿಎಫ್ (ಚೆನ್ನೈನ ಬೋಗಿ ಕಾರ್ಖಾನೆ) ಬೋಗಿ 21 ಮೀಟರ್ ಚಿಲ್ಲರೆ ಉದ್ದ, ಹೆಚ್‌ಒ ಅಂದ್ರೆ 87ರಲ್ಲಿ ಒಂದು ಪಾಲು, ಹತ್ತತ್ರ 25 ಸೆಂಟಿಮೀಟರ್ ಆಯ್ತು, ಅಷ್ಟುದ್ದದ್ದು 22 ಇಂಚಿನ ತಿರುವಲ್ಲಿ ಓಡಿದ್ರೂ ಓಡ್ಬಹುದು, ಆದ್ರೆ ನೋಡೋಕ್ ಚೆನ್ನಾಗಿರಲ್ಲ. ಅದಕ್ಕೇ ಟೇಬಲ್ ಆಸೆ ಬಿಡಿ, ಗೋಡೆ ಸುತ್ತ ಒಂದೂವರೆಯಿಂದ ಎರಡಡಿ ಅಗಲದ ಅಟ್ಟಣೆ ತರ ಮಾಡ್ಸಿ, ನೀವು ಮಧ್ಯ ನಿಂತ್ಕೊಳ್ಳಿ. ಮೂಲೆಗಳಲ್ಲಿ 30 ಇಂಚು ರೇಡಿಯಸ್ ಆರಾಮಾಗಿ ಸಿಗುತ್ತೆ. ಬಾಗಿಲ ಹತ್ರ ಮಾತ್ರ ಎತ್ತಿ ತೆಗೆಯೋ ತುಂಡು ಬೇಕು, ಅದನ್ನ ತೆಗೆದಾಗ ಎರಡೂ ಕಡೆ ಸ್ವಲ್ಪ ದೂರದವರೆಗೆ ಹಳಿಗೆ ಕರೆಂಟ್ ಕಟ್ ಆಗೋ ಹಾಗೆ ಮಾಡ್ಕೊಳ್ಳಿ, ಇಲ್ಲಾಂದ್ರೆ ಇಂಜಿನ್ ನೆಲಕ್ಕೆ.

ಇನ್ನು ಘಾಟಿ ವಿಷಯ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್, 57 ಸುರಂಗ, ಏರು 50ಕ್ಕೆ 1, ಅಂದ್ರೆ 50 ಅಡಿ ಹೋದ್ರೆ ಒಂದಡಿ ಮೇಲಕ್ಕೆ. ಮಾಡೆಲ್‌ಗೂ ಶೇಕಡ 2ರ ಒಳಗಿದ್ರೆ ಒಳ್ಳೇದು ಅಂತಾರೆ, ಅದೂ 50ಕ್ಕೆ 1ನೇ, ಹಾಗಾಗಿ ನಿಜವಾದ ಏರನ್ನೇ ಇಟ್ಕೊಳ್ಬಹುದು. ಆದ್ರೆ ಒಂದು ಲೈನ್ ಮೇಲೆ ಇನ್ನೊಂದು ದಾಟ್ಬೇಕು ಅಂದ್ರೆ, ರೈಲಿಗೆ ಜಾಗ, ಹಲಗೆ ದಪ್ಪ ಎಲ್ಲ ಸೇರಿ ನಾಲ್ಕಿಂಚು ಏರ್ಬೇಕು, ನಾಲ್ಕನ್ನ 50ರಿಂದ ಗುಣಿಸಿ, 200 ಇಂಚು, ಹದಿನಾರೂವರೆ ಅಡಿಗೂ ಮೇಲೆ. 8ಕ್ಕೆ 4ರಲ್ಲಿ ಹೆಚ್ಚುಕಮ್ಮಿ ಇಡೀ ಸುತ್ತೇ ಏರಲ್ಲಿ ಹೋಗ್ಬಿಡುತ್ತೆ, ಸ್ಟೇಷನ್ ಎಲ್ಲಿಡ್ತೀರಾ?

ಮತ್ತೆ ಆ ಘಾಟಿಯ ಚಂದ ಇರೋದು ಹಳಿ ಕೆಳಗಿನ ಕಣಿವೇಲಿ. ಸಪಾಟು ಪ್ಲೈವುಡ್ ಮೇಲೆ ಬೆಟ್ಟ ಕಟ್ಬಹುದು, ಕಣಿವೆ ತೋಡೋಕಾಗಲ್ಲ. ಹಳಿಗಿಂತ ಫ್ರೇಮೇ ಕೆಳಗಿರ್ಬೇಕು. ಅಮೆರಿಕದ ಮಾಡೆಲ್ ರೈಲು ಪತ್ರಿಕೆ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟ್ ಜನಪ್ರಿಯ ಮಾಡಿದ ಎಲ್-ಗರ್ಡರ್ ವಿಧಾನ ಇದಕ್ಕೇ ಹೇಳಿ ಮಾಡ್ಸಿದ ಹಾಗಿದೆ. ನಾಲ್ಕಿಂಚಿನ ಪಟ್ಟಿ ನೇರ ನಿಲ್ಲಿಸಿ, ಅದರ ಮೇಲಂಚಿಗೆ ಎರಡಿಂಚಿನ ಪಟ್ಟಿ ಅಡ್ಡಡ್ಡ ಫೆವಿಕಾಲ್ ಹಾಕಿ ಸ್ಕ್ರೂ ಮಾಡಿದ್ರೆ ಒಂದು ಗರ್ಡರ್. ಅಂಥ ಎರಡರ ಮೇಲೆ ಅಡ್ಡಪಟ್ಟಿಗಳನ್ನ ಒಂದಡಿಯಿಂದ ಒಂದೂಕಾಲಡಿ ಅಂತರದಲ್ಲಿ ಇಡಿ, ಸ್ಕ್ರೂ ಮಾತ್ರ ಕೆಳಗಿಂದ, ಆ ಎರಡಿಂಚಿನ ಪಟ್ಟಿ ಮೂಲಕ ಮೇಲಕ್ಕೆ ಹೊಡೀರಿ. ಆಚಾರ್ರು ಮೇಲಿಂದ ಹೊಡೀತೀನಿ ಅಂದ್ರೆ ಒಪ್ಪಬೇಡಿ, ನಾಳೆ ಪಾಯಿಂಟ್ ಮೋಟರ್ (ರೈಲಿನ ಹಳಿ ಬದಲಿಸೋ ಮೋಟರ್) ಅಡ್ಡ ಬಂತು ಅಂತ ಒಂದು ಪಟ್ಟಿ ಪಕ್ಕಕ್ಕೆ ಸರಿಸ್ಬೇಕಾದ್ರೆ ಸ್ಕ್ರೂ ತಲೆ ದೃಶ್ಯದ ಅಡಿ ಹೂತಿರುತ್ತೆ, ಕೆಳಗಿಂದ ಆದ್ರೆ ಮೇಲಿನ ಬೆಟ್ಟ ಮುಟ್ಟದೆ ಬಿಚ್ಬಹುದು. ಅಡ್ಡಪಟ್ಟಿಗೆ ಬೇಕಾದ ಎತ್ತರದ ಗುಜ್ಜು ಕೊಟ್ಟು, ಅದರ ಮೇಲೆ ಹಳಿ ಹೋಗೋ ಜಾಗಕ್ಕೆ ಮಾತ್ರ 12 ಎಂಎಂ ಪ್ಲೈವುಡ್ ಕೊಯ್ದು ಕೂರಿಸಿ. ಸುರಂಗದ ಅಡಿ ತೆರೆದೇ ಇರ್ಲಿ, ಒಳಗೆ ರೈಲು ನಿಂತ್ರೆ ಕೆಳಗಿಂದ ಕೈ ಹಾಕ್ಬೇಕಲ್ಲ.

ಸಿಲ್ವರ್ ಬಗ್ಗೆ: ಕಾಲಿಗೆ ಧಾರಾಳವಾಗಿ ಬಳಸಿ, ಚೆನ್ನಾಗಿ ಒಣಗಿದ್ದಾದ್ರೆ. ಮೊನ್ನೆ ಕಡಿದಿದ್ದು, ಮಿಲ್‌ನಿಂದ ನೇರ ಬಂದಿದ್ದಾದ್ರೆ ಒಣಗ್ತಾ ಒಣಗ್ತಾ ತಿರುಚಿಕೊಳ್ಳುತ್ತೆ, ಅದರ ಮೇಲಿನ ಹಳಿನೂ ಅದರ ಜೊತೆನೇ ಹೋಗುತ್ತೆ. ಗರ್ಡರ್‌ಗೆ, ಅಡ್ಡಪಟ್ಟಿಗೆ 18 ಎಂಎಂ ಪ್ಲೈವುಡ್ಡನ್ನೇ ನಾಲ್ಕಿಂಚು ಪಟ್ಟಿ ಕೊಯ್ಸಿ, ಒಂದು ಶೀಟ್‌ಗೆ ಗರಗಸದ ಪುಡಿ ಕಳೆದು ಹನ್ನೊಂದು ಬರುತ್ತೆ, ಸೊಟ್ಟ ಆಗೋ ಭಯ ಕಮ್ಮಿ. ಆ ಮರ ಮೆಣಸಿನ ಬಳ್ಳಿಗೆ ಎಷ್ಟು ಒಳ್ಳೇದೋ ಗರ್ಡರ್‌ಗೆ ಅಷ್ಟಿಲ್ಲ ಅಂತ ನನ್ನ ಅಭಿಪ್ರಾಯ, ಆಚಾರ್ರು ಬೇಜಾರಾಗ್ಬಾರ್ದು.

ಪ್ರಶ್ನೆ: ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯಂಗಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಬೀರು ಬಾಗಿಲೇ ಹಿಡ್ಕೊಳ್ಳುತ್ತೆ, ಇನ್ನು ಲೇಔಟ್ ಗತಿ?
– ಓದುಗರು, ಚಿಕ್ಕಮಗಳೂರು

ಉತ್ತರ: ನಾಲ್ಕಡಿ ಉದ್ದದ ತುಂಡುಗಳಾಗಿ ಮಾಡಿ, ಒಂದಕ್ಕೊಂದು ಬೋಲ್ಟ್ ಹಾಕಿ ಸೇರಿಸಿ, ಮನೆ ಬದಲಾಯಿಸುವಾಗ ಬಿಚ್ಕೊಂಡು ಹೋಗ್ಬಹುದು. ಪ್ರತಿ ಕಾಲಿನ ಅಡಿಗೆ ತಿರುಗಿಸೋ ಬೋಲ್ಟ್ ಇರ್ಲಿ, ಹಳೇ ಮನೆ ನೆಲ ಯಾವುದೂ ಸಮ ಇರಲ್ಲ, ರಸಮಟ್ಟ ಇಟ್ಟು ಸರಿ ಮಾಡ್ಕೊಳ್ಬಹುದು. ತೇವ ಕುಡಿದು ಹಿಗ್ಗೋದು ಹಳಿಗಿಂತ ಮರ, ಆದ್ದರಿಂದ ಪ್ಲೈವುಡ್‌ನ ಮೇಲೆ, ಕೆಳಗೆ, ಮುಖ್ಯವಾಗಿ ಕೊಯ್ದ ಅಂಚಿಗೆ ಪೇಂಟ್ ಅಥವಾ ವಾರ್ನಿಷ್ ಹೊಡೀರಿ, ಬರೀ ಮೇಲ್ಗಡೆ ಹೊಡೆದ್ರೆ ಬಾಗುತ್ತೆ. ಹಳಿ ಜಾಯಿಂಟ್‌ಗಳಲ್ಲಿ ಅಲ್ಲಲ್ಲಿ ಕೂದಲೆಳೆ ಸಂದು ಬಿಡಿ, ಎಲ್ಲಾ ಬೆಸುಗೆ ಹಾಕ್ಬೇಡಿ. ಗೆದ್ದಲಿಗೆ ಕಾಲಿನ ತುದಿ ಸಿಮೆಂಟಿಗೆ ನೇರ ತಾಗದ ಹಾಗೆ ನೋಡ್ಕೊಳ್ಳಿ.

ಪ್ರಶ್ನೆ: ಲೇಔಟ್ ಎತ್ತರ ಎಷ್ಟಿರ್ಬೇಕು? ಮಗಳಿಗೆ ಎಂಟು ವರ್ಷ.
– ಓದುಗರು, ಬೇಲೂರು

ಉತ್ತರ: ದೊಡ್ಡವರಿಗೆ ನಾಲ್ಕಡಿ ಚೆನ್ನಾಗಿರುತ್ತೆ, ರೈಲು ಪಕ್ಕದಿಂದ ಕಾಣುತ್ತೆ, ಕೆಳಗೆ ಕೂತು ವೈರಿಂಗ್ ಮಾಡೋಕೂ ಜಾಗ. ಮಗಳಿಗೋಸ್ಕರ ತಗ್ಗಿಸ್ಬೇಡಿ, ಒಂದು ಗಟ್ಟಿ ಸ್ಟೂಲ್ ಮಾಡ್ಸಿಕೊಡಿ, ಮಿಕ್ಕ ಪ್ಲೈವುಡ್‌ನಲ್ಲೇ ಆಗುತ್ತೆ.