ಹಳೆಯ ನುಡಿ ಫಾಂಟಿನ ಪಿಡಿಎಫ್ ಮತ್ತು ಸ್ಕ್ರೀನ್ ರೀಡರ್

ನಮಸ್ಕಾರ. ನಿಮ್ಮ ಕನ್ನಡ ಪಾಠದ ಪಿಡಿಎಫ್ ಅನ್ನು ಎನ್‌ವಿಡಿಎ (ಪರದೆಯ ಮೇಲಿನ ಪಠ್ಯವನ್ನು ಗಟ್ಟಿಯಾಗಿ ಓದುವ ಸ್ಕ್ರೀನ್ ರೀಡರ್ ತಂತ್ರಾಂಶ) ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುವುದೇಕೆ ಎಂದು ಕೇಳಿದ್ದೀರಿ. ಅದನ್ನು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಸಿದ್ಧಪಡಿಸಿದ್ದೇ ಕಾರಣವಿರಬೇಕು: ಅಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಕಡತದೊಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತಗಳು, ತಂತ್ರಾಂಶವು ಓದುವುದೂ ಅವನ್ನೇ. ಪಿಡಿಎಫ್ ಅನ್ನು ತಿದ್ದುವ ಬದಲು ಮೂಲ ವರ್ಡ್ ಕಡತವನ್ನು ಯೂನಿಕೋಡ್‌ಗೆ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಪದ್ಧತಿಗೆ) ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಜಾಗರೂಕತೆಯಿಂದ ಪರಿಶೀಲಿಸಿ, ಶೀರ್ಷಿಕೆಗಳಿಗೆ ಹೆಡಿಂಗ್ ಸ್ಟೈಲ್ ಹಾಗೂ ಚಿತ್ರಗಳಿಗೆ ಪರ್ಯಾಯ ಪಠ್ಯ (ಚಿತ್ರದಲ್ಲೇನಿದೆ ಎಂಬ ಕಿರು ವಿವರಣೆ) ಕೊಟ್ಟು, ಭಾಷೆ ಕನ್ನಡವೆಂದು ಗುರುತಿಸಿ, ಟ್ಯಾಗ್ ಸಹಿತ (ಶೀರ್ಷಿಕೆ, ಚಿತ್ರ ಮುಂತಾದವುಗಳ ಗುರುತುಗಳನ್ನು ಒಳಗೊಂಡ) ಪಿಡಿಎಫ್ ಆಗಿ ಉಳಿಸಿ. ಮಂದದೃಷ್ಟಿಯ ಮಕ್ಕಳಿಗಾಗಿ ಅಕ್ಷರ ಮತ್ತು ಹಿನ್ನೆಲೆಯ ನಡುವೆ ಕನಿಷ್ಠ 4.5:1 ಬಣ್ಣವ್ಯತ್ಯಾಸವಿರಲಿ. ಹಂಚುವ ಮುನ್ನ ಸ್ಕ್ರೀನ್ ರೀಡರ್ ಬಳಸುವ ವಿದ್ಯಾರ್ಥಿಯೊಬ್ಬರಿಂದಲೇ ಓದಿಸಿ ನೋಡಿ; ಯಾವ ಸ್ವಯಂಚಾಲಿತ ತಪಾಸಣೆಗಿಂತಲೂ ನಾನು ನಂಬುವುದು ಅದನ್ನೇ.