“ಅಗ್ರಿಮೆಂಟಿಗೆ ಸೈನ್ ಹಾಕಿದ್ದೀನಿ ಮೇಡಂ”

ಇದು ‘ಮನೆಯಲ್ಲೇ ಕೆಲಸ’ ಅನ್ನುವ ಮೋಸಕ್ಕೆ ಸಿಕ್ಕಿದ ಒಬ್ಬ ಹೆಣ್ಣುಮಗಳ ಪ್ರಕರಣ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಊರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಪುಷ್ಪ ಅಂತ ಕರೆಯೋಣ. ವಯಸ್ಸು 31. ಆಲೂರು ಕಡೆಯ ಹಳ್ಳಿ. ಬಿ.ಕಾಂ. ಮುಗಿಸಿದ್ದಾರೆ. ಗಂಡ ಪಿಕಪ್ ಓಡಿಸುತ್ತಾರೆ. ಎರಡು ಎಕರೆ ಕಾಫಿ, ಒಂದನೇ ಕ್ಲಾಸಿನ ಮಗಳು, ಜೊತೆಗೆ ಅತ್ತೆ. ಹಾಸನದಲ್ಲಿ ಆಪ್ತಸಮಾಲೋಚನೆ ಮಾಡುವ ನನ್ನ ಹತ್ತಿರ ಅವರನ್ನು ಕಳಿಸಿದ್ದು ಊರಿನ ಆಶಾ ಕಾರ್ಯಕರ್ತೆ. “ಊಟ ಸೇರ್ತಿಲ್ಲ, ನಿದ್ದೆ ಇಲ್ಲ, ಗಂಡನ ಹತ್ರ ಮಾತೇ ಬಿಟ್ಟಿದ್ದಾಳೆ, ಸ್ವಲ್ಪ ನೋಡಿ ಮೇಡಂ” ಅಂತ ಫೋನ್ ಮಾಡಿದ್ದರು.

ಗಂಡನ ಹತ್ರ ಮಾತು ಬಿಟ್ಟಿದ್ದಾಳೆ ಅಂದ ಕೂಡಲೇ ನನ್ನ ತಲೆ ಒಂದೇ ದಾರಿ ಹಿಡಿಯಿತು. ಕುಡಿತಾರಾ, ಹೊಡಿತಾರಾ, ಅತ್ತೆ ಹೇಗೆ ಅಂತ ಮೊದಲ ಅರ್ಧ ಗಂಟೆ ಕೇಳಿದ್ದೇ ಕೇಳಿದೆ. ಎಲ್ಲದಕ್ಕೂ “ಇಲ್ಲ ಮೇಡಂ, ಒಳ್ಳೇವ್ರೇ” ಅನ್ನುವ ಉತ್ತರ. ಅರ್ಧ ಗಂಟೆ ನನ್ನದೇ ತಪ್ಪಿನಿಂದ ಹೋಯಿತು.

ಅಷ್ಟರಲ್ಲಿ ಅವರ ಫೋನ್ ಮೇಜಿನ ಮೇಲೆ ಬೋರಲಾಗಿತ್ತು. ಸೈಲೆಂಟ್ ಮಾಡಿದ್ದರು. ಆದರೂ ಗುರ್ರ್ ಅಂತ ನಡುಗುತ್ತಾ ಸರಿದು ಸರಿದು ಸ್ಟೀಲ್ ಲೋಟಕ್ಕೆ ತಾಗಿತು. ಲೋಟ ಕಿಣಿ ಕಿಣಿ ಅಂದಿತು. ನಿಂತಿತು. ಮತ್ತೆ ಶುರುವಾಯಿತು. ನಲವತ್ತು ನಿಮಿಷದಲ್ಲಿ ಆರು ಸಲ.

“ಯಾರದು?” ಅಂದೆ.

“ಲಾಯರ್.”

“ನಿಮಗ್ಯಾಕೆ ಲಾಯರ್?”

“ನನ್ ಮೇಲೆ ಕೇಸಾಗಿದೆ ಮೇಡಂ. ಅಗ್ರಿಮೆಂಟಿಗೆ ಸೈನ್ ಹಾಕಿದ್ದೀನಿ. ಕೆಲ್ಸ ಸರಿಯಾಗಿ ಮಾಡ್ಲಿಲ್ಲ.” ಆಮೇಲೆ ಅಳು. ನಾನು ನೀರು ಕೊಟ್ಟು ಸುಮ್ನೆ ಕೂತೆ.

ಕಥೆ ಹೊರಗೆ ಬಂದಿದ್ದು ಹೀಗೆ. ಅವರ ಸ್ತ್ರೀಶಕ್ತಿ ಸಂಘದ ವಾಟ್ಸ್ಆ್ಯಪ್ ಗುಂಪಿಗೆ ಒಂದು ಜಾಹೀರಾತು ಬಂದಿತ್ತು. ಮನೆಯಲ್ಲೇ ಕೂತು ಫಾರಂ ತುಂಬುವ ಕೆಲಸ. ಒಂದು ಫಾರಂಗೆ 30 ರೂಪಾಯಿ, ಏಳು ದಿನಕ್ಕೆ 500 ಫಾರಂ, ಅಲ್ಲಿಗೆ 15,000. ಹಾಕಿದ್ದು ಗೊತ್ತಿರುವ ಹೆಂಗಸೇ. ಹಾಗಾಗಿ ಅನುಮಾನ ಬರಲಿಲ್ಲ. ರಿಜಿಸ್ಟ್ರೇಷನ್ ಅಂತ 2,500 ಕೇಳಿದರು. ಸಾಸಿವೆ ಡಬ್ಬಿಯಲ್ಲಿ ಇಟ್ಟಿದ್ದ ದುಡ್ಡು ಹೋಯಿತು. ಹನ್ನೊಂದು ಪುಟದ ಇಂಗ್ಲಿಷ್ ಅಗ್ರಿಮೆಂಟ್ ಮೊಬೈಲಿಗೆ ಬಂತು. ಬೆರಳಲ್ಲೇ ಸೈನ್ ಮಾಡಿದರು. ಆಧಾರ್, ಪಾನ್, ಫೋಟೋ ಎಲ್ಲ ಕಳಿಸಿದರು.

ತಮ್ಮನ ಲ್ಯಾಪ್‌ಟಾಪ್ ತಂದರು. ಮನೆಯೊಳಗೆ ನೆಟ್‌ವರ್ಕ್ ಸಿಗಲ್ಲ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ ಎರಡು ಗೆರೆ ಬರುತ್ತದೆ. ಮಗಳು ಮಲಗಿದ ಮೇಲೆ, ಗಂಡ ಬಾಡಿಗೆಗೆ ಹೋದ ರಾತ್ರಿಗಳಲ್ಲಿ, ಶಾಲು ಹೊದ್ದು ಕಣದ ಕಟ್ಟೆಯ ಮೇಲೆ ಕೂತು ಟೈಪ್ ಮಾಡುತ್ತಿದ್ದರು.

ಆ ಫಾರಂಗಳನ್ನು ನಾನೂ ನೋಡಿದೆ. ಬೇಕೂಂತಲೇ ಮಸುಕು ಮಾಡಿದ ಫೋಟೋಗಳು. ಸೊನ್ನೆ ಯಾವುದು, ‘ಓ’ ಅಕ್ಷರ ಯಾವುದು ಅಂತ ಕನ್ನಡಕ ಹಾಕಿಕೊಂಡರೂ ಗೊತ್ತಾಗಲಿಲ್ಲ. ಒಂದು ಕಾಮಾ ತಪ್ಪಿದರೂ ಇಡೀ ಫಾರಂ ತಪ್ಪು ಅನ್ನುವುದು ಷರತ್ತು. ನೂರಕ್ಕೆ ತೊಂಬತ್ತು ಸರಿ ಇದ್ದರೆ ಮಾತ್ರ ಸಂಬಳ. ‘ಕ್ಯೂಸಿ ರಿಪೋರ್ಟ್’, ಅಂದರೆ ಕೆಲಸದ ಗುಣಮಟ್ಟ ನೋಡಿದ ವರದಿ ಅಂತ ಬಂತು, 86 ಅಂತಿತ್ತು. ಇನ್ನೊಂದು ಅವಕಾಶಕ್ಕೆ 5,900. ತಮ್ಮನ ಹತ್ತಿರ ಸಾಲ ಮಾಡಿ ಕಟ್ಟಿದರು. ಎರಡನೇ ಸಲ ಕೊನೇ ರಾತ್ರಿ ವೆಬ್‌ಸೈಟೇ ತೆರೆಯಲಿಲ್ಲ.

ಮೂರನೇ ದಿನ ‘ಲಾಯರ್’ ಫೋನ್ ಮಾಡಿದ. ಕಂಪನಿಗೆ ನಷ್ಟ ಆಗಿದೆ, ಕೇಸ್ ಹಾಕುತ್ತೇವೆ, ಪೊಲೀಸರು ಮನೆಗೆ ಬರುತ್ತಾರೆ. ಬೇಡ ಅಂದರೆ ಎನ್‌ಒಸಿಗೆ, ಅಂದರೆ ತಕರಾರಿಲ್ಲ ಅನ್ನುವ ಪತ್ರಕ್ಕೆ, 12,500 ಕಟ್ಟಿ. ಮಗಳ ಸ್ಕೂಲ್ ಫೀಸ್ ಅಂತ ಸುಳ್ಳು ಹೇಳಿ ಸಂಘದಲ್ಲಿ ಸಾಲ ತೆಗೆದರು. ಆಮೇಲೆ ಕೋರ್ಟ್ ಖರ್ಚು 18,000. ಅದಕ್ಕೆ ಕಿವಿಯ ಓಲೆ, ಜುಮುಕಿ ಅಡ ಇಟ್ಟರು. ಒಟ್ಟು 38,900 ರೂಪಾಯಿ. ಅತ್ತೆ ಕೇಳಿದಾಗ “ಭಾರ ಆಯ್ತು, ಕಿವಿ ನೋವು” ಅಂದಿದ್ದರು. ಅವತ್ತು ನನ್ನ ಎದುರು ಕೂತಾಗ ಕಿವಿಯಲ್ಲಿ ಇದ್ದದ್ದು ಇಪ್ಪತ್ತು ರೂಪಾಯಿಯ ರಿಂಗ್. ನಾನು ಗಮನಿಸಿರಲಿಲ್ಲ.

ಕಾನೂನಿನ ಮಾತಿಗೆ ಹೋಗುವ ಮೊದಲು, ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೇನಿಲ್ಲ, ಕೇಳಿದರೆ ಎದೆಯ ಭಾರ ಇಳಿಯುತ್ತದೆ. “ಬೆಳಗಾಗದೇ ಇದ್ರೆ ಸಾಕು ಅನ್ಸುತ್ತೆ ಮೇಡಂ” ಅಂದರು. ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ರಾತ್ರಿ ಹೊತ್ತು ಯಾರ ಹತ್ತಿರ ಇರುತ್ತೀರಿ, ಯಾರಿಗೆ ಫೋನ್ ಮಾಡುತ್ತೀರಿ ಅಂತ ಕೂತು ಬರೆದೆವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಅವರ ಫೋನಿನಲ್ಲಿ ಸೇವ್ ಮಾಡಿಸಿದೆ. ಅದು ಉಚಿತ, ದಿನದ ಯಾವ ಹೊತ್ತಲ್ಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಆಮೇಲೆ ನೋಟಿಸ್ ತೋರಿಸಿ ಅಂದೆ. ಮೇಲೆ ತಕ್ಕಡಿ ಚಿತ್ರ, ಕೆಳಗೆ ಕೆಂಪು ಸೀಲು, ನಡುವೆ ದಪ್ಪ ಅಕ್ಷರದಲ್ಲಿ ‘ಡಿಸ್ಟ್ರಿಕ್ಟ್ ಹೈಕೋರ್ಟ್’.

“ಜಿಲ್ಲೆಗೊಂದು ಹೈಕೋರ್ಟ್ ಇದೆಯಾ?” ಅಂದೆ.

ಅವರು ಫೋನ್ ಹತ್ತಿರ ಹಿಡಿದು ಓದಿದರು. ಇನ್ನೊಂದು ಸಲ ಓದಿದರು. “ಹೈಕೋರ್ಟ್ ಬೆಂಗಳೂರಲ್ಲಿರೋದು ಅಲ್ವಾ? ಧಾರವಾಡ, ಕಲಬುರಗಿಯಲ್ಲಿ ಪೀಠ ಇದೆ.” ಬಿ.ಕಾಂ. ಓದಿದ ಹುಡುಗಿ ಮೂರು ವಾರದಲ್ಲಿ ಮೊದಲ ಸಲ ಹೊರಗೆ ಬಂದಳು ಅನ್ನಿಸಿತು ನನಗೆ.

ಈ ಮೋಸದವರು ಪುಷ್ಪಗೆ ಕೊಟ್ಟಿದ್ದು ಕೆಲಸ ಅಲ್ಲ, ತಪ್ಪಿತಸ್ಥೆ ಅನ್ನುವ ಭಾವನೆ. ದುಡ್ಡು ಕಳೆದುಕೊಂಡವರು ಬೈದುಕೊಂಡಾದರೂ ಪೊಲೀಸರ ಹತ್ತಿರ ಹೋಗುತ್ತಾರೆ. ತಾನೇ ತಪ್ಪು ಮಾಡಿದ್ದೇನೆ ಅಂದುಕೊಂಡವರು ಪೊಲೀಸರನ್ನು ಕಂಡರೆ ಬಾಗಿಲ ಹಿಂದೆ ಅಡಗುತ್ತಾರೆ. ಫಾರಂ, ಕ್ಯೂಸಿ, ಅಗ್ರಿಮೆಂಟ್ ಎಲ್ಲವನ್ನೂ ಈ ಒಂದು ಭಾವನೆಗಾಗಿಯೇ ಹೆಣೆದಿರುತ್ತಾರೆ. ಪುಷ್ಪ ರಾತ್ರಿಯೆಲ್ಲ ಕೂತು ನಿಯತ್ತಿನಿಂದ ಟೈಪ್ ಮಾಡಿದ್ದರಿಂದಲೇ “86 ಅಂಕ” ಅಷ್ಟು ಜೋರಾಗಿ ಚುಚ್ಚಿತು. ಸೋಮಾರಿಯಾಗಿದ್ದಿದ್ದರೆ ಇಷ್ಟು ದುಡ್ಡು ಹೋಗುತ್ತಿರಲಿಲ್ಲವೇನೋ!

ಕಾನೂನಿನ ವಿಷಯಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಡೆ ಕಳಿಸಿದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ಸಲಹೆ ಉಚಿತ. ಫೋನಿನಲ್ಲಾದರೆ 15100. ಅಲ್ಲಿನ ವಕೀಲೆ ಹೇಳಿದ್ದನ್ನು ಪುಷ್ಪ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ಕೆಲಸದ ಕರಾರು ಮುರಿದರೆ ಅದು ಸಿವಿಲ್ ವಿಷಯ, ಜೀಪಲ್ಲಿ ಬಂದು ಎತ್ತಿಕೊಂಡು ಹೋಗುವ ಕೇಸಲ್ಲ. ಲಾಯರ್ ನೋಟಿಸ್ ಅಂದರೆ ಅದು ನಿಜವಾದ ಲಾಯರ್ ಕಳಿಸಿದ್ದೇ ಆದರೂ ಕಾಗದ ಅಷ್ಟೇ, ಕೋರ್ಟಿನ ಆದೇಶ ಅಲ್ಲ. 1872ರ ಕರಾರು ಕಾಯ್ದೆಯ 19ನೇ ಕಲಂ ಪ್ರಕಾರ, ಮೋಸದಿಂದ ಒಪ್ಪಿಗೆ ತೆಗೆದುಕೊಂಡ ಕರಾರನ್ನು ಮೋಸ ಹೋದವರು ಒಪ್ಪಬೇಕಾಗಿಲ್ಲ. ಕೇಸ್ ಆಗಬೇಕಾದದ್ದು ಆ ಕಡೆಯವರ ಮೇಲೆ. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318, ಕಂಪ್ಯೂಟರ್ ಬಳಸಿ ಇನ್ನೊಬ್ಬರ ಸೋಗಿನಲ್ಲಿ ವಂಚಿಸಿದ್ದಕ್ಕೆ ಐಟಿ ಕಾಯ್ದೆಯ 66ಡಿ.

ಆದರೆ ವಕೀಲರ ಹತ್ತಿರ ಹೋಗಿದ್ದು ಆಮೇಲೆ. ಮೊದಲ ದಿನವೇ ಮಾಡಿದ್ದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಕೊನೆಯ ಪಾವತಿ ಶುಕ್ರವಾರ, ಅವರು ನನ್ನ ಹತ್ತಿರ ಬಂದಿದ್ದು ಮಂಗಳವಾರ. ನಾಲ್ಕು ದಿನ ಅಂದರೆ ತಡವೇ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಗಂಟೆಗಳಲ್ಲೇ ಹಾರಿಬಿಡುತ್ತದೆ. ಆದರೂ ಕೆಲವು ಸಲ ಒಂದಷ್ಟು ಎಲ್ಲೋ ನಿಂತಿರುತ್ತದೆ. ಸಹಾಯವಾಣಿಯವರು ಕೇಳಿದ್ದು ದಿನಾಂಕ, ಮೊತ್ತ, ಬ್ಯಾಂಕ್, ಯುಪಿಐ ಪಾವತಿಯ ಹನ್ನೆರಡು ಅಂಕಿಯ ನಂಬರ್. ಇಲ್ಲೇ ಒಂದು ಎಡವಟ್ಟು ತಪ್ಪಿತು. ಗಂಡ ನೋಡಿಬಿಟ್ಟರೆ ಅಂತ ಚಾಟ್ ಎಲ್ಲ ಅಳಿಸಬೇಕು ಅಂದುಕೊಂಡೇ ಪುಷ್ಪ ಬಸ್ ಹತ್ತಿದ್ದರಂತೆ. ದಯವಿಟ್ಟು ಅಳಿಸಬೇಡಿ. ಅದೇ ಸಾಕ್ಷಿ. ಸ್ಕ್ರೀನ್‌ಶಾಟ್ ತೆಗೆದು, ಕಾಲ್ ಪಟ್ಟಿ ಇಟ್ಟುಕೊಂಡು, ಆಮೇಲೆ ಬ್ಲಾಕ್ ಮಾಡಿ. ಮರುದಿನ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಪೂರ್ತಿ ಮಾಡಿ, ಸೈಬರ್ ಅಪರಾಧ ನೋಡಿಕೊಳ್ಳುವ ಹಾಸನದ ಸೆನ್ ಪೊಲೀಸ್ ಠಾಣೆಗೂ ಹೋಗಿ ಬಂದರು.

“ಮೂರು ದಿನದೊಳಗೆ ಹೇಳಿದ್ರೆ ಬ್ಯಾಂಕ್ ದುಡ್ಡು ಕೊಡುತ್ತಂತಲ್ಲ” ಅಂತ ಅವರ ತಮ್ಮ ಕೇಳಿದ. ಹಾಗೆ ಕೇಳುವವರು ತುಂಬಾ ಜನ. ರಿಸರ್ವ್ ಬ್ಯಾಂಕ್ 2017ರಲ್ಲಿ ತಂದ ಆ ನಿಯಮ ಇರುವುದು ನಮಗೆ ಗೊತ್ತಿಲ್ಲದೆ ಖಾತೆಯಿಂದ ದುಡ್ಡು ಹೋದಾಗ. ಇಲ್ಲಿ ಪಿನ್ ಒತ್ತಿದ್ದು ಪುಷ್ಪಾನೇ. ಈ ವಿಷಯದಲ್ಲಿ ಸುಳ್ಳು ಆಸೆ ಕೊಡಲು ನನಗೆ ಮನಸ್ಸಾಗಲಿಲ್ಲ.

ಆಧಾರ್, ಪಾನ್ ಮೋಸದವರ ಕೈಯಲ್ಲಿದೆಯಲ್ಲ, ಅದು ಬೇರೆ ತಲೆನೋವು. ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್, ಅಂದರೆ ಬೆರಳಚ್ಚು, ಕಣ್ಣಿನ ಗುರುತು ಲಾಕ್ ಮಾಡಿಸಿದೆವು. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಪುಷ್ಪ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ನೋಡಿದೆವು. ಹೆಸರಲ್ಲಿ ಯಾರಾದರೂ ಸಾಲ ಎತ್ತಿದ್ದಾರಾ ಅಂತ ನೋಡಲು ವರ್ಷಕ್ಕೊಮ್ಮೆ ಉಚಿತವಾಗಿ ಕ್ರೆಡಿಟ್ ವರದಿ ಸಿಗುತ್ತದೆ. ಅದನ್ನೂ ತೆಗೆಸಿದರು.

ಗಂಡನಿಗೆ ಹೇಳುವುದು ಉಳಿದಿತ್ತು. ಅದೇ ಕಷ್ಟದ್ದು. ಎರಡನೇ ಭೇಟಿಗೆ ಅವರನ್ನು ಕರೆದುಕೊಂಡು ಬಂದರು. ಮುನ್ನೂರು ರೂಪಾಯಿ ಡೀಸೆಲ್‌ಗೂ ಲೆಕ್ಕ ಹಾಕುವ ಮನುಷ್ಯ. 38,900 ಅಂತ ಕೇಳಿ ಸುಮಾರು ಹೊತ್ತು ನೆಲ ನೋಡುತ್ತಾ ಕೂತರು. ಪುಷ್ಪ ಸೆರಗಿನ ತುದಿ ಸುತ್ತಿ ಸುತ್ತಿ ಹಗ್ಗ ಮಾಡಿಬಿಟ್ಟಿದ್ದರು. ಆಮೇಲೆ ಗಂಡ ತಲೆ ಎತ್ತಿ ಕೇಳಿದ್ದು ದುಡ್ಡಿನ ಮಾತಲ್ಲ.

“ರಾತ್ರಿ ಹನ್ನೊಂದು ಗಂಟೆಗೆ ಕಣದ ಹತ್ರ ಒಬ್ಳೇ ಕೂತಿದ್ಯಾ? ಆನೆ ತಿರುಗೋ ಜಾಗದಲ್ಲಿ?”

ಆಲೂರು, ಸಕಲೇಶಪುರ ಕಡೆಯವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಅಲ್ಲಿಂದ ಮುಂದೆ ನನಗೆ ಜಾಸ್ತಿ ಕೆಲಸ ಇರಲಿಲ್ಲ.

ಗಂಡನಿಗೆ ನಾನು ಹೇಳಿದ್ದು ಎರಡೇ ಮಾತು. ಓದಿದವಳು ನಿಂಗಷ್ಟೂ ಗೊತ್ತಾಗಲ್ವಾ ಅನ್ನಬೇಡಿ. ಫೋನ್ ಕಿತ್ತಿಟ್ಟುಕೊಳ್ಳಬೇಡಿ. ಸ್ವಂತದ್ದು ಅಂತ ನಾಲ್ಕು ಕಾಸು ದುಡಿಯಬೇಕು ಅನ್ನುವ ಆಸೆಯಲ್ಲಿ ಏನೂ ತಪ್ಪಿಲ್ಲ. ಮೋಸದವನು ಹಿಡಿದಿದ್ದು ಆ ಆಸೆಯ ಜುಟ್ಟನ್ನೇ.

ಮುಂದೆ ಹೇಗೆ ಗುರುತಿಸೋದು ಮೇಡಂ ಅಂತ ಪುಷ್ಪ ಕೇಳಿದಾಗ, ನಿಮ್ಮ ತೋಟದ ಲೆಕ್ಕದಲ್ಲೇ ನೋಡಿ ಅಂದೆ. ಕಾಫಿ ಹಣ್ಣು ಕುಯ್ಯೋಕೆ ಬರುವವರ ಹತ್ತಿರ ಚೀಲದ ಬಾಡಿಗೆ ಕೇಳ್ತೀರಾ? ಅವರು ನಕ್ಕುಬಿಟ್ಟರು. “ನಾವೇ ಅಡ್ವಾನ್ಸ್ ಕೊಟ್ಟು ಕರೀಬೇಕು!” ಅಷ್ಟೇ. ರಿಜಿಸ್ಟ್ರೇಷನ್, ಟ್ರೈನಿಂಗ್ ಕಿಟ್, ಸೆಕ್ಯುರಿಟಿ ಡೆಪಾಸಿಟ್, ಏನೇ ಹೆಸರಿಡಲಿ, ಕೆಲಸ ಕೊಡುವವನೇ ಕೈಚಾಚಿದರೆ ಅಲ್ಲಿಗೆ ಮುಗೀತು. ಇನ್ನೊಂದು ಲೆಕ್ಕವೂ ಇದೆ. ಮುದ್ರಿತ ಫಾರಂ ಓದಿ ಟೈಪ್ ಮಾಡುವುದನ್ನು ಈಗ ಕಂಪ್ಯೂಟರೇ ಕ್ಷಣದಲ್ಲಿ ಮಾಡುತ್ತದೆ. ಅದಕ್ಕೆ ಯಾರು 30 ರೂಪಾಯಿ ಕೊಡ್ತಾರೆ?

ಎಲ್ಲ ಮೋಸವೂ ಮೊದಲು ದುಡ್ಡು ಕೇಳುವುದಿಲ್ಲ ಅನ್ನುವುದೂ ನಿಜ. ಟೆಲಿಗ್ರಾಂನಲ್ಲಿ ಹೋಟೆಲಿಗೆ ಸ್ಟಾರ್ ಕೊಡುವ ಕೆಲಸದಲ್ಲಿ ಮೊದಲು ಅವರೇ ನೂರೈವತ್ತು, ಇನ್ನೂರು ಹಾಕುತ್ತಾರೆ. ಅದು ಗಾಳದ ಎರೆಹುಳು. ಆಮೇಲೆ ‘ಪ್ರೀಪೇಯ್ಡ್ ಟಾಸ್ಕ್’ ಶುರು. ಸ್ಕ್ರೀನಿನಲ್ಲಿ ಲಕ್ಷ ಕಾಣುತ್ತದೆ, ತೆಗೆಯಲು ಹೋದರೆ ಟ್ಯಾಕ್ಸ್ ಕಟ್ಟಿ ಅನ್ನುತ್ತಾರೆ. ಇನ್ನು ಕಡೂರಿನ ಕಡೆಯ ಒಬ್ಬ ಕಾಲೇಜು ಹುಡುಗ ನನ್ನ ಹತ್ತಿರ ಬಂದಿದ್ದ. ಅವನು ಒಂದು ರೂಪಾಯಿಯೂ ಕಳೆದುಕೊಂಡಿರಲಿಲ್ಲ. ಕಮಿಷನ್ ಆಸೆಗೆ ತನ್ನ ಬ್ಯಾಂಕ್ ಖಾತೆಯನ್ನೇ ಬಳಸಲು ಕೊಟ್ಟಿದ್ದ. ಅದೂ ‘ಮನೆಯಿಂದಲೇ ಕೆಲಸ’ ಅಂತಲೇ. ಬೇರೆಯವರಿಂದ ಕದ್ದ ದುಡ್ಡು ಅವನ ಖಾತೆಯಲ್ಲಿ ಓಡಾಡಿ, ಖಾತೆ ಫ್ರೀಜ್ ಆಗಿ, ಠಾಣೆಗೆ ಕರೆ ಬಂದಿತ್ತು. ಅವನದು ಇನ್ನೂ ಮುಗಿದಿಲ್ಲ.

ಪುಷ್ಪಗೆ ಕರೆಗಳು ಮತ್ತೆ ಹನ್ನೆರಡು ದಿನ ಬಂದವು. ಬೇರೆ ಬೇರೆ ನಂಬರ್. ಎತ್ತಲಿಲ್ಲ. ಆಮೇಲೆ ಒಬ್ಬ ಮೆತ್ತಗಿನ ದನಿಯವನು, ಸೈಬರ್ ಸೆಲ್‌ನಿಂದ ಮಾತಾಡ್ತಿದ್ದೀನಿ, ನಿಮ್ಮ ದುಡ್ಡು ವಾಪಸ್ ಬಂದಿದೆ, 1,999 ಪ್ರೊಸೆಸಿಂಗ್ ಫೀ ಕಟ್ಟಿ ಅಂದನಂತೆ. ಹೀಗೆ ಬರುತ್ತದೆ ಅಂತ ಮೊದಲೇ ಹೇಳಿದ್ದೆ. ಒಮ್ಮೆ ಮೋಸ ಹೋದವರ ಪಟ್ಟಿಯೂ ಮಾರಾಟದ ಸರಕೇ. ಪುಷ್ಪ ಫೋನ್ ಇಟ್ಟು ನನಗೆ ಮೆಸೇಜ್ ಮಾಡಿದರು: “ಬಂತು ಮೇಡಂ, ನೀವು ಹೇಳಿದ್ದು.”

ಕೊನೆಯ 18,000ದಲ್ಲಿ 6,200 ರೂಪಾಯಿ ಒಂದು ಬ್ಯಾಂಕಿನಲ್ಲಿ ತಡೆಹಿಡಿದಿದ್ದಾರೆ. ಅದು ಇನ್ನೂ ಕೈಗೆ ಬರಬೇಕು. ಉಳಿದದ್ದು ಹೋಯಿತು. ಸಂಘದಲ್ಲಿ ಸ್ಕೂಲ್ ಫೀಸ್ ಅಂತ ಹೇಳಿದ್ದು ಸುಳ್ಳು ಅಂತ ಅವರೇ ಹೇಳಿ, ಕಂತು ಕಟ್ಟುತ್ತಿದ್ದಾರೆ. ಓಲೆ ಇನ್ನೂ ಅಡದಲ್ಲೇ ಇದೆ, ಈ ಸಲದ ಕುಯ್ಲು ಮುಗಿದ ಮೇಲೆ ಬಿಡಿಸುತ್ತಾರಂತೆ. ಕಿವಿ ನೋವು ಅಂದಾಗಲೇ ಅತ್ತೆಗೆ ಅನುಮಾನ ಬಂದಿತ್ತಂತೆ. ಮಗನಿಗೆ ಹೇಳಿರಲಿಲ್ಲ.

ಹೋದ ವಾರ ಪುಷ್ಪ ಅದೇ ವಾಟ್ಸ್ಆ್ಯಪ್ ಗುಂಪಿಗೆ ಒಂದು ವಾಯ್ಸ್ ಮೆಸೇಜ್ ಹಾಕಿದರು. ಎರಡು ನಿಮಿಷದ್ದು. ಹೀಗ್ಹೀಗಾಯಿತು, ಆ ಜಾಹೀರಾತು ನಂಬಬೇಡಿ ಅಂತ. ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ರಾತ್ರಿ ಒಂಬತ್ತಕ್ಕೆ, ಆ ಜಾಹೀರಾತನ್ನು ಗುಂಪಿಗೆ ಹಾಕಿದ್ದ ಹೆಂಗಸೇ ಫೋನ್ ಮಾಡಿದರಂತೆ. ಅವರಿಗೂ ಕೇಸಿನ ನೋಟಿಸ್ ಬಂದಿತ್ತು. ಐದು ಜನರನ್ನು ಸೇರಿಸಿದರೆ ಕೇಸ್ ಬಿಡುತ್ತೇವೆ ಅಂದಿದ್ದರಂತೆ.

ಅವರು ಬುಧವಾರ ಬರುತ್ತಿದ್ದಾರೆ, ಪುಷ್ಪ ಜೊತೆಗೆ.