ಬ್ಯಾಂಕಿಗೆ ಹೋಗಿ ಬಾ ಅಂದರು: ಒಂದು ಆಪ್ತಸಲಹೆ ಪ್ರಕರಣ

ಈಕೆಯನ್ನು ಚೈತ್ರಾ ಅಂತ ಕರೆಯೋಣ. ಹೆಸರು, ಮನೆಯ ವಿವರ, ಹಣದ ಮೊತ್ತ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ. "ಬೇರೆ ಹುಡುಗೀರಿಗೂ ಗೊತ್ತಾಗ್ಲಿ ಮೇಡಂ" ಅಂದಳು.

ಮೂಡಿಗೆರೆ ಕಡೆಯ ಹುಡುಗಿ, ವಯಸ್ಸು 19. ಚಿಕ್ಕಮಗಳೂರಿನ ಹಾಸ್ಟೆಲ್‌ನಲ್ಲಿದ್ದು ಬಿಕಾಂ ಓದುತ್ತಾಳೆ. ಅಪ್ಪ, ಅಮ್ಮ ಇಬ್ಬರೂ ಎಸ್ಟೇಟಿನಲ್ಲಿ ಕೂಲಿ. ಅವಳನ್ನು ನನ್ನ ಹತ್ತಿರ ಕರೆತಂದದ್ದು ರೂಮ್‌ಮೇಟ್. ರಾತ್ರಿ ನಿದ್ದೆಯಿಲ್ಲ, ಕ್ಲಾಸಿಗೆ ಹೋಗುತ್ತಿಲ್ಲ, ಫೋನ್ ರಿಂಗಾದರೆ ಬೆಚ್ಚುತ್ತಾಳೆ. ಕಾರಣ ಕೇಳಿದರೆ ಹೊಟ್ಟೆನೋವು ಅಂತಾಳೆ.

ನನ್ನ ಬಳಿಯೂ ಮೊದಲು ಹೊಟ್ಟೆನೋವೇ ಬಂತು. ಆಮೇಲೆ ನಿಧಾನವಾಗಿ ವಿಷಯ ಹೊರಬಂತು.

ಸಂಜೆ ಹೊತ್ತಿಗೆ ಒಂದು ಕೆಲಸ ಬೇಕು ಅಂತ ಅವಳು ಹುಡುಕುತ್ತಿದ್ದಳು. ಎಂ.ಜಿ. ರಸ್ತೆಯ ಬಟ್ಟೆ ಅಂಗಡಿಗಳಲ್ಲಿ ಕೇಳಿದ್ದಳು, ಹಬ್ಬ ಹತ್ತಿರ ಬಂದಾಗ ಬಾ ಅಂದಿದ್ದರು. ಅಷ್ಟರಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಒಂದು ಮೆಸೇಜ್ ಬಂತು. ಕೈಮರದ ಹತ್ತಿರ ಹೋಂಸ್ಟೇ ಇದೆ, ಬುಕಿಂಗ್ ನೋಡಿಕೊಳ್ಳಲು ಹುಡುಗಿ ಬೇಕು, ದಿನಕ್ಕೆ ಎರಡು ಗಂಟೆ ಕೆಲಸ. ಮುಳ್ಳಯ್ಯನಗಿರಿ ನೋಡೋಕೆ ವಾರಾಂತ್ಯಕ್ಕೆ ಎಷ್ಟು ಕಾರು ಬರುತ್ತವೆ ಅಂತ ನಮಗೆಲ್ಲ ಗೊತ್ತೇ ಇದೆ. ಹೋಂಸ್ಟೇ ಕೆಲಸ ಅಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಮೋಸ ಮಾಡುವವರಿಗೂ ಊರಿನ ನಾಡಿ ಗೊತ್ತಿರುತ್ತೆ, ಅಲ್ವಾ?

ಮಾತಾಡಿದ ಮನುಷ್ಯ ತುಂಬಾ ಮರ್ಯಾದಸ್ಥ. "ನಮ್ಮ ಕರೆಂಟ್ ಅಕೌಂಟಲ್ಲಿ ಲಿಮಿಟ್ ಪ್ರಾಬ್ಲಮ್ ಇದೆಯಮ್ಮ. ಟೂರಿಸ್ಟ್‌ಗಳ ಅಡ್ವಾನ್ಸ್ ನಿನ್ನ ಅಕೌಂಟಿಗೆ ಹಾಕಿಸ್ತೀನಿ. ಡ್ರಾ ಮಾಡಿ ನಮ್ಮ ಹುಡುಗನ ಕೈಗೆ ಕೊಡು. ನೂರಕ್ಕೆ ಎರಡು ನಿನ್ನದು" ಅಂದ. ಒಂದು ಮಧ್ಯಾಹ್ನ 48,000 ರೂಪಾಯಿ ಬಂದೇಬಿಟ್ಟಿತು.

ಎಟಿಎಂನಲ್ಲಿ ಅಷ್ಟು ಒಟ್ಟಿಗೆ ಬರಲಿಲ್ಲ. ಬ್ಯಾಂಕಿನ ಕೌಂಟರಿಗೇ ಹೋಗಬೇಕಾಯಿತು. ಯಾರಾದರೂ ಕೇಳಿದರೆ 'ಅಪ್ಪ ಕಾಫಿ ಮಾರಿದ ದುಡ್ಡು' ಅನ್ನು ಅಂತ ಆತ ಮೊದಲೇ ಹೇಳಿಕೊಟ್ಟಿದ್ದ. ಕ್ಯಾಷಿಯರ್ ಕೇಳಿಯೇ ಕೇಳಿದರು. ಇವಳು ಹೇಳಿದಳು. ಅವರು ಕಿಟಕಿಯಾಚೆ ಸುರಿಯುತ್ತಿದ್ದ ಮಳೆ ನೋಡಿ, "ಆಷಾಢದಲ್ಲಿ ಕಾಫಿ ದುಡ್ಡಾ? ನಿಮ್ಮಪ್ಪ ರೇಟ್ ಕಾದು ಮಾರೋ ಜಾಣರು ಬಿಡಮ್ಮ" ಅಂತ ನಕ್ಕು ನೋಟು ಎಣಿಸಿದರು. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ ತನಕ, ರೋಬಸ್ಟಾ ಅದರ ಹಿಂದೆಯೇ. ಎಸ್ಟೇಟಿನಲ್ಲಿ ಬೆಳೆದ ಹುಡುಗಿಗೆ ಇದು ಗೊತ್ತಿಲ್ಲವೇ? ಇನ್ನೊಬ್ಬರ ತೋಟದಲ್ಲಿ ಹಣ್ಣು ಕೊಯ್ಯುವ ಅಪ್ಪನನ್ನು ಅವಳು ಎರಡು ನಿಮಿಷ ಪ್ಲಾಂಟರ್ ಮಾಡಿದ್ದಳು. ಇಡೀ ಕಥೆಯಲ್ಲಿ ಅವಳಿಗೆ ಹೇಳಲು ಜಾಸ್ತಿ ಕಷ್ಟವಾಗಿದ್ದು ಇದೊಂದೇ ಮಾತು.

ಅಲ್ಲಿಂದ ಮುಂದೆ ಓಡಾಟ. ಆಜಾದ್ ಪಾರ್ಕ್ ಹತ್ತಿರ ಬಾ ಅಂದ. ಹೋದರೆ, ಅಲ್ಲಿ ಬೇಡ, ಹನುಮಂತಪ್ಪ ಸರ್ಕಲ್‌ಗೆ ಬಾ ಅಂದ. ದಾರಿಯಲ್ಲಿ ಹಾಸ್ಟೆಲಿನ ಗೆಳತಿ ಕಂಡಾಗ ಇವಳು ಕೊಡೆ ಕೆಳಗಿಳಿಸಿ ಮುಖ ಮುಚ್ಚಿಕೊಂಡಳು. ಕೊನೆಗೆ ಜರ್ಕಿನ್, ಹೆಲ್ಮೆಟ್ ಹಾಕಿದ ಹುಡುಗನೊಬ್ಬ ಬೈಕಿನಲ್ಲಿ ಬಂದ. ಮಳೆಗಾಲದಲ್ಲಿ ನಮ್ಮೂರಿನಲ್ಲಿ ಎಲ್ಲರೂ ಹಾಗೇ ಇರುತ್ತಾರೆ. ಅಂಗಡಿಯ ಸೂರಿನ ಕೆಳಗೆ ನಿಂತು ದುಡ್ಡು ಎಣಿಸಿದ. ಹೆಲ್ಮೆಟ್ ಮಾತ್ರ ತೆಗೆಯಲಿಲ್ಲ. 960 ರೂಪಾಯಿ ಇವಳ ಕೈಗಿಟ್ಟು ಹೋದ. ಅದರಲ್ಲಿ ಮೆಸ್ ಬಾಕಿ ಕಟ್ಟಿದಳು.

ವಾರ ಕಳೆದ ಮೇಲೆ ಬೇಕರಿಯಲ್ಲಿ ಯುಪಿಐ ನಡೆಯಲಿಲ್ಲ. ಬ್ಯಾಂಕಿಗೆ ಹೋದರೆ, ಬೇರೆ ರಾಜ್ಯದ ಸೈಬರ್ ಪೊಲೀಸರ ದೂರಿನ ಮೇಲೆ ಖಾತೆ ತಡೆಹಿಡಿದಿದ್ದೇವೆ ಅಂದರು. ಅವಳದೇ ಸ್ಕಾಲರ್‌ಶಿಪ್‌ನ 3,200 ರೂಪಾಯಿಯೂ ಒಳಗೇ ಸಿಕ್ಕಿಕೊಂಡಿತು. ಮರ್ಯಾದಸ್ಥನ ನಂಬರ್ ಸ್ವಿಚ್ ಆಫ್. ಎರಡು ದಿನ ಬಿಟ್ಟು ಇನ್ನೊಬ್ಬ ಫೋನ್ ಮಾಡಿ, ತಾನು ಸೈಬರ್ ಇನ್ಸ್‌ಪೆಕ್ಟರ್, 15,000 ಕಳಿಸಿದರೆ ಕೇಸು ಮುಗಿಸುತ್ತೇನೆ, ಇಲ್ಲದಿದ್ದರೆ ಮನೆಗೆ ಬಂದು ಕರೆದೊಯ್ಯುತ್ತೇವೆ ಅಂದ.

ಇಷ್ಟು ಕೇಳಿದ ಮೇಲೆ ನಾನು ಮೊದಲು ಕೇಳಿದ್ದು ಹಣದ ವಿಷಯ ಅಲ್ಲ. ಸಾಯಬೇಕು ಅನ್ನಿಸುತ್ತಿದೆಯಾ ಅಂತ ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಅಂತ ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಎದುರಿನವರಿಗೆ ಹಗುರವಾಗುತ್ತದೆ. "ಬೆಳಿಗ್ಗೆ ಏಳೋದೇ ಬೇಡ ಅನ್ಸುತ್ತೆ, ಮಾಡ್ಕೊಳ್ಳೋ ಯೋಚನೆ ಇಲ್ಲ" ಅಂದಳು. ಟೆಲಿ ಮಾನಸ್ ಸಹಾಯವಾಣಿ 14416 ಅವಳ ಫೋನಿನಲ್ಲಿ ಸೇವ್ ಮಾಡಿಸಿದೆ. ಹಗಲು, ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಕೆಲವು ರಾತ್ರಿ ಇವಳನ್ನು ಒಂಟಿಯಾಗಿ ಬಿಡಬೇಡ ಅಂತ, ಚೈತ್ರಾಳ ಎದುರೇ ರೂಮ್‌ಮೇಟ್‌ಗೆ ಹೇಳಿದೆ.

ಆಮೇಲೆ ಅವಳ ಪ್ರಶ್ನೆ ಬಂತು. "ನಾನು ಕಳ್ಳಿನಾ ಮೇಡಂ?"

ಇಲ್ಲಮ್ಮ, ನಿನ್ನದೇನೂ ತಪ್ಪಿಲ್ಲ ಅನ್ನೋದು ಸುಲಭ. ನಾನು ಹಾಗೆ ಹೇಳಲಿಲ್ಲ. ಹೇಳಿದ್ದರೆ ಅವಳೂ ನಂಬುತ್ತಿರಲಿಲ್ಲ. ಕ್ಯಾಷಿಯರ್ ಮುಂದೆ ಸುಳ್ಳು ಹೇಳುವಾಗ ಅವಳಿಗೆ ಅನುಮಾನ ಬಂದಿತ್ತು. ಹೆಲ್ಮೆಟ್ ತೆಗೆಯದ ಹುಡುಗನನ್ನು ಕಂಡಾಗ ಇನ್ನೂ ಜಾಸ್ತಿ ಆಗಿತ್ತು. ಆದರೂ ಮಾಡಿದಳು. ಮೋಸ ಮಾಡುವ ಉದ್ದೇಶ ಅವಳಿಗಿರಲಿಲ್ಲ, ಅದು ನಿಜ. ಅನುಮಾನ ಬಂದರೂ ಕೇಳದೆ ಸುಮ್ಮನಾದಳು, ಅದೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಮಾತಾಡೋಣ ಅಂದೆ. ಗೊತ್ತಿದ್ದು ಮಾಡಿದ್ದಾ, ಗೊತ್ತಿಲ್ಲದೆಯಾ ಅನ್ನುವುದು ಕಾನೂನಿನಲ್ಲೂ ದೊಡ್ಡ ಪ್ರಶ್ನೆ. ಅದನ್ನು ತೀರ್ಮಾನಿಸುವವಳು ನಾನಲ್ಲ.

ಆಗಿದ್ದನ್ನೆಲ್ಲ ಬರೆದುಕೊಂಡು ಬಾ ಅಂದೆ. ಮೊದಲ ಸಲ ಬರೆದು ತಂದದ್ದರಲ್ಲಿ ಕಾಫಿಯ ಸುಳ್ಳೂ ಇರಲಿಲ್ಲ, 960 ರೂಪಾಯಿಯೂ ಇರಲಿಲ್ಲ. ಬರೀ ಹೆದರಿದ ಹುಡುಗಿಯ ಕಥೆ. ಇನ್ನೊಮ್ಮೆ ಬರೆಸಿದೆ. ಬ್ಯಾಂಕಿನ ಕ್ಯಾಮೆರಾದಲ್ಲಿ ಅವಳ ಮುಖ ಇದ್ದೇ ಇರುತ್ತದೆ, ಚಾಟ್‌ನಲ್ಲಿ ಕಮಿಷನ್ ಮಾತು ಇದ್ದೇ ಇದೆ. ಮುಚ್ಚಿಟ್ಟ ಒಂದು ಮಾತು ನಾಳೆ ಹೊರಬಂದರೆ ಉಳಿದ ನಿಜಕ್ಕೂ ಬೆಲೆ ಹೋಗುತ್ತದೆ. ಎರಡನೇ ಸಲ ಪೂರ್ತಿ ಬರೆದಳು. ಆ ರಾತ್ರಿ ನಾಲ್ಕು ಗಂಟೆ ನಿದ್ದೆ ಬಂತಂತೆ.

ಖಾತೆ ಹೇಗೆ ನಿಂತಿತು ಅಂತಲೂ ಅವಳಿಗೆ ತಿಳಿಸಿದೆ. ಗೊತ್ತಿಲ್ಲದ ಭಯ ದೊಡ್ಡದು. ಎಲ್ಲೋ ಒಬ್ಬರು ಹಣ ಕಳೆದುಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿರುತ್ತಾರೆ. ಆ ಹಣ ಯಾವ ಯಾವ ಖಾತೆಗೆ ಹೋಯಿತೋ ಅಲ್ಲೆಲ್ಲ ಬ್ಯಾಂಕುಗಳು ತಡೆ ಹಾಕುತ್ತಾ ಬರುತ್ತವೆ. ಮೋಸದ ಹಣ ದಾಟಿಸಲು ಬಳಸುವ ಇಂಥ ಖಾತೆಯನ್ನು ಪೊಲೀಸರು ಮ್ಯೂಲ್ ಖಾತೆ ಅಂತಾರೆ. ಇವನ್ನು ಹುಡುಕಲೆಂದೇ ಮ್ಯೂಲ್‌ಹಂಟರ್ ಅನ್ನುವ ವ್ಯವಸ್ಥೆಯನ್ನು ರಿಸರ್ವ್ ಬ್ಯಾಂಕ್ ತಂದಿದೆ ಅಂದಾಗ, "ಅಂದ್ರೆ ನಾನೊಬ್ಳೇ ಅಲ್ವಾ?" ಅಂದಳು.

ಕೊಟ್ಟ ಸಲಹೆ ಹೀಗಿತ್ತು. ಒಂದು ಚಾಟನ್ನೂ ಅಳಿಸಬೇಡ, ಸಿಮ್ ಬದಲಿಸಬೇಡ. ಬ್ಯಾಂಕಿಗೆ ಪತ್ರ ಕೊಟ್ಟು ದೂರಿನ ನಂಬರ್, ಯಾವ ಠಾಣೆ, ಎಷ್ಟು ಮೊತ್ತ ಅಂತ ಬರಹದಲ್ಲಿ ಕೇಳು. ತಡೆ ಆ ಮೊತ್ತಕ್ಕೆ ಮಾತ್ರ ಇರಲಿ, ಸ್ಕಾಲರ್‌ಶಿಪ್ ಹಣ ಬಿಡಿ ಅಂತಲೂ ಅದರಲ್ಲೇ ಬೇಡಿಕೆ ಇಡು. ಪೊಲೀಸರ ಮುಂದೆ ಹೋಗುವ ಮೊದಲು ವಕೀಲರನ್ನು ನೋಡು. ದುಡ್ಡಿಲ್ಲ ಅನ್ನುವ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು, 15100ಕ್ಕೆ ಫೋನ್ ಮಾಡಬಹುದು. ಫೋನಿನಲ್ಲಿ ದುಡ್ಡು ಕೇಳಿದ 'ಇನ್ಸ್‌ಪೆಕ್ಟರ್'ಗೆ ಒಂದು ಪೈಸೆಯೂ ಬೇಡ. ದುಡ್ಡು ತಗೊಂಡು ಫೋನಿನಲ್ಲೇ ಕೇಸು ಮುಗಿಸುವ ಕ್ರಮ ಪೊಲೀಸರಲ್ಲಿ ಇಲ್ಲವೇ ಇಲ್ಲ. ಆ ನಂಬರನ್ನು ನಮ್ಮ ಜಿಲ್ಲೆಯ ಸೆನ್ ಠಾಣೆಗೆ, ಅಂದರೆ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆಗೆ, ಕೊಡು.

ಅವಳು ಇಷ್ಟಕ್ಕೂ ಒಪ್ಪಿದಳು. ಅಪ್ಪನಿಗೆ ಹೇಳು ಅಂದಾಗ ಮಾತ್ರ ಎದ್ದು ನಿಂತಳು. "ಕಾಲೇಜು ಬಿಡಿಸ್ತಾರೆ." ನೋಟಿಸ್ ಮನೆಗೆ ಬಂದು ಗೊತ್ತಾಗುವುದಕ್ಕಿಂತ ನಿನ್ನ ಬಾಯಿಂದ ಗೊತ್ತಾಗಲಿ ಅಂತ ನಾನು ಪಟ್ಟು ಹಿಡಿದೆ. ನನ್ನ ಎದುರೇ ಫೋನ್ ಮಾಡಿದಳು. ಅವಳು ಹೆದರಿದ್ದೇ ಆಯಿತು. ಅವರು ಕೂಗಾಡಿದರು, ಓದು ಸಾಕು, ಬಂದುಬಿಡು ಅಂದರು. ಮರುದಿನ ಬಸ್ ಹತ್ತಿ ಬಂದೂಬಿಟ್ಟರು.

ಬಂದವರನ್ನು ಬೇರೆ ಕೂರಿಸಿ ಮಾತಾಡಿದೆ. ಸಿಟ್ಟಿನ ಅಡಿಯಲ್ಲಿ ಇದ್ದದ್ದು ಜೈಲಿನ ಭಯ. ಕಾಲೇಜು ಬಿಡಿಸಿದರೆ ಕೇಸೇನೂ ನಿಲ್ಲುವುದಿಲ್ಲ, ಸ್ಕಾಲರ್‌ಶಿಪ್ ಮಾತ್ರ ನಿಲ್ಲುತ್ತದೆ ಅಂದೆ. ಈ ಸೆಮಿಸ್ಟರ್ ಮುಗಿಯುವ ತನಕ ಯಾವ ತೀರ್ಮಾನವೂ ಬೇಡ ಅಂತ ಕೇಳಿಕೊಂಡೆ. "ನೋಡೋಣ" ಅಂದರು. ಪೂರ್ತಿ ಒಪ್ಪಿಗೆ ಅಲ್ಲ, ಆದರೂ ಅಷ್ಟು ಸಾಕಾಗಿತ್ತು. ಕಾಫಿ ದುಡ್ಡಿನ ಸುಳ್ಳನ್ನು ಚೈತ್ರಾ ತಾನೇ ಹೇಳಿದಳು. "ನನ್ನ ಹೆಸರಿಗೆ ಎಷ್ಟು ಎಕರೆ ಬರೆಸಿದ್ದೆ?" ಅಂದರು. ಅದು ತಮಾಷೆಯೋ ನೋವೋ ನನಗೆ ಇವತ್ತಿಗೂ ಖಚಿತವಿಲ್ಲ.

ಈಗ ಅವಳು ಸಂಜೆ ಒಂದು ಸ್ಟೇಷನರಿ ಅಂಗಡಿಯಲ್ಲಿ ಬಿಲ್ ಹಾಕುತ್ತಾಳೆ. ಕೆಲಸಕ್ಕೆ ಸೇರುವ ಮೊದಲು ಏನು ನೋಡಬೇಕು ಅಂತ ಮಾತಾಡಿದ್ದೆವು. ಅಂಗಡಿಗೆ ಬಾಗಿಲು ಇರಬೇಕು, ಮಾಲೀಕರಿಗೆ ಮುಖ ಇರಬೇಕು. ನಿನ್ನ ಖಾತೆಗೆ ನಿನ್ನ ಸಂಬಳ ಬಿಟ್ಟು ಬೇರೆಯವರ ಹಣ ಬರಬಾರದು. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಯಾರು ಕೇಳಿದರೂ ಕೊಡಬಾರದು.

ಬ್ಯಾಂಕಿನ ಉತ್ತರ ಇನ್ನೂ ಬಂದಿಲ್ಲ. ಹೇಳಿಕೆಯನ್ನು ವಕೀಲರ ಮೂಲಕ ಕಳಿಸಿಯಾಗಿದೆ. ಇತ್ತೀಚೆಗೆ ಅವಳಿಗೆ ಕಾಡುತ್ತಿರುವುದು ಆ 48,000 ಯಾರದು ಅನ್ನುವ ಪ್ರಶ್ನೆ. ಅವರ ನಂಬರ್ ಹುಡುಕಿ ಕ್ಷಮೆ ಕೇಳಬೇಕು ಅಂತ ಹಟ ಹಿಡಿದಿದ್ದಾಳೆ. ನೇರವಾಗಿ ಸಂಪರ್ಕ ಮಾಡಬೇಡ ಅಂತ ವಕೀಲರು ಹೇಳಿದ್ದಾರೆ, ನಾನೂ ಅದನ್ನೇ ಹೇಳಿದ್ದೇನೆ. 960 ರೂಪಾಯಿಯನ್ನು ಸಂಬಳದಲ್ಲಿ ಎತ್ತಿಟ್ಟಿದ್ದಾಳೆ. ಅದನ್ನು ಯಾರಿಗೆ, ಹೇಗೆ ಒಪ್ಪಿಸಬೇಕು ಅಂತ ಮುಂದಿನ ವಾರ ವಕೀಲರನ್ನು ಕೇಳಿ ಬರುತ್ತಾಳೆ.